ಅಮ್ಮನ ರೆಪ್ಪೆಯ ಮೇಲಿನ ಗೆರೆ

ಕಚೇರಿಯಲ್ಲಿ ಅಮ್ಮನ ಬೀಳ್ಕೊಡುಗೆಗೆ ಮೂರು ದಿನ ಇತ್ತು. ಅಮ್ಮ ನನ್ನ ಕೋಣೆಗೆ ಬಂದು, "ನೀನು ಕಣ್ಣಿಗೆ ಹಚ್ಕೊಳ್ತೀಯಲ್ಲ, ಆ ಕಡ್ಡಿ, ಅದನ್ನ ನನಗೂ ಸ್ವಲ್ಪ ಹಚ್ತೀಯಾ?" ಅಂತ ಕೇಳಿದಳು. 34 ವರ್ಷ ಒಂದೇ ಕಚೇರಿಯಲ್ಲಿ ದುಡಿದವಳು. ಅಷ್ಟೂ ವರ್ಷ ಬೆಳಿಗ್ಗೆ ಮುಖಕ್ಕೆ ಒಂದಿಷ್ಟು ಕ್ರೀಮು, ಪೌಡರ್ ಬಿಟ್ಟರೆ ಬೇರೇನೂ ಹಚ್ಚಿದ್ದನ್ನು ನಾನು ನೋಡಿಲ್ಲ. ಅವಳಾಗಿ ಕೇಳಿದ್ದು ಇದೇ ಮೊದಲು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಆಗಲೇ ಕೂರಿಸಿ ಹಚ್ಚಲು ಶುರು ಮಾಡಿಬಿಟ್ಟೆ.

ಅವಸರ ಮಾಡಿದ್ದು ತಪ್ಪಾಯಿತು.

ನನ್ನ ಕಣ್ಣಿಗೆ ಹೇಗೆ ಹಚ್ಚಿಕೊಳ್ಳುತ್ತೇನೋ ಹಾಗೇ ಮಾಡಿದೆ. ಕ್ರೀಮ್ ಐಶ್ಯಾಡೋ ಸ್ಟಿಕ್, ಅಂದರೆ ರೆಪ್ಪೆಗೆ ಬಣ್ಣ ಹಚ್ಚುವ ಆ ಕಡ್ಡಿಯನ್ನು ತಿರುಗಿಸಿ, ಎರಡೂ ರೆಪ್ಪೆಗೆ ದಪ್ಪಗೆ ಎಳೆದು, ಆಮೇಲೆ ಬೆರಳಿನಿಂದ ಹರಡಲು ಹೋದೆ. ಎರಡನೇ ಕಣ್ಣಿಗೆ ಹಚ್ಚಿ ಮುಗಿಸುವಷ್ಟರಲ್ಲಿ ಮೊದಲನೆಯದು ಒಣಗಿತ್ತು. ಅಂಚು ಬ್ಲೆಂಡ್ ಆಗಲಿಲ್ಲ, ಅಲ್ಲಲ್ಲಿ ತೇಪೆ ಹಚ್ಚಿದ ಹಾಗೆ ನಿಂತಿತು. ಅಮ್ಮನ ರೆಪ್ಪೆಯ ಚರ್ಮ ಮೆತ್ತಗೆ, ಸಡಿಲ. ಸ್ಟಿಕ್ ಎಳೆದ ಕಡೆಗೆಲ್ಲ ಅದೂ ಜರುಗುತ್ತಿತ್ತು. ಮುಕ್ಕಾಲು ಗಂಟೆ ಕಳೆದ ಮೇಲೆ ನೋಡಿದರೆ ರೆಪ್ಪೆ ಮಡಚುವ ಜಾಗದಲ್ಲಿ ಬಣ್ಣವೆಲ್ಲ ಒಂದು ಗೆರೆಯಾಗಿ ಕೂಡಿಕೊಂಡಿತ್ತು. ಗೆರೆಯ ಮೇಲೂ ಕೆಳಗೂ ಬರೀ ಚರ್ಮ.

ಅಮ್ಮ ಕನ್ನಡಿ ನೋಡಿ, "ವಯಸ್ಸಾಯ್ತು ಬಿಡು, ಈ ರೆಪ್ಪೆಗೆ ಇದೆಲ್ಲ ಒಗ್ಗಲ್ಲ" ಅಂದಳು. ಮುಖ ತೊಳೆದುಕೊಂಡು ಹೋದಳು.

ಆ ಮಾತು ನನಗೆ ತುಂಬಾ ಚುಚ್ಚಿತು. ಆ ಗೆರೆ ಬಂದಿದ್ದು ಅವಳ ವಯಸ್ಸಿನಿಂದ ಅಲ್ಲ, ನಾನು ಹಚ್ಚಿದ ರೀತಿಯಿಂದ. ಅದನ್ನು ಅವಳಿಗೆ ತೋರಿಸಲೇಬೇಕು ಅನ್ನಿಸಿತು.

ಮಾರನೇ ದಿನ ನನ್ನ ಎರಡು ಕಣ್ಣುಗಳ ಮೇಲೇ ಪ್ರಯೋಗ ಮಾಡಿದೆ. ಎಡಗಣ್ಣಿಗೆ ಅಮ್ಮನಿಗೆ ಮಾಡಿದ ಹಾಗೇ: ಕೆಳಗೆ ಮುಖದ ಕ್ರೀಮ್, ಮೇಲೆ ದಪ್ಪ ಬಣ್ಣ. ಬಲಗಣ್ಣಿನ ರೆಪ್ಪೆಯನ್ನು ಟಿಶ್ಯೂನಿಂದ ಒರೆಸಿ, ಕ್ರೀಮ್ ಇಲ್ಲದೆ, ತೆಳ್ಳಗೆ ಒಂದೇ ಪದರ ಹಚ್ಚಿ, ಒಣಗಿದ ಮೇಲೆ ಪೌಡರ್ ಒತ್ತಿದೆ. ಎಡಗಣ್ಣು ಮಧ್ಯಾಹ್ನದ ಒಳಗೇ ಕೆಟ್ಟಿತು. ಬಲಗಣ್ಣು ಸಂಜೆಯವರೆಗೂ ಹಾಗೇ ಇತ್ತು. ಅದೇ ಸ್ಟಿಕ್, ಅದೇ ದಿನ, ಅದೇ ಮುಖ!

ಕಾರಣ ಇಷ್ಟೇ. ಈ ಸ್ಟಿಕ್‌ಗಳಲ್ಲಿ ಬಣ್ಣ, ಮೇಣಗಳ ಜೊತೆ ಬೇಗ ಆವಿಯಾಗುವ ದ್ರವವೂ ಇರುತ್ತದೆ. ಹೆಚ್ಚಾಗಿ ಐಸೋಡೋಡೆಕೇನ್ ಅಥವಾ ಹಗುರ ಸಿಲಿಕೋನ್. ಕಡ್ಡಿ ಸಲೀಸಾಗಿ ಜಾರುವುದು ಅದರಿಂದ. ಹಚ್ಚಿದ ಮೇಲೆ ಆ ದ್ರವ ಹಾರಿಹೋಗಿ, ಉಳಿದದ್ದು ತೆಳು ಪೊರೆಯಾಗಿ ರೆಪ್ಪೆಗೆ ಅಂಟಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಹಸಿ ಪೇಂಟ್ ಇದ್ದ ಹಾಗೆ. ಹಸಿ ಇರುವಾಗಲೇ ಕಣ್ಣು ತೆರೆದರೆ ರೆಪ್ಪೆಯ ಮಡಿಕೆ ಬಣ್ಣವನ್ನು ಒತ್ತಿ ತನ್ನೊಳಗೆ ಎಳೆದುಕೊಳ್ಳುತ್ತದೆ. ದಪ್ಪಗೆ ಹಚ್ಚಿದಷ್ಟೂ ಒಣಗುವುದು ತಡ. ಒಣಗಿದ ಮೇಲೂ ಚರ್ಮದ ಎಣ್ಣೆ, ಕೆಳಗಿನ ಕ್ರೀಮು ಸೇರಿ ಆ ಪೊರೆಯನ್ನು ಮತ್ತೆ ಮೆತ್ತಗೆ ಮಾಡುತ್ತವೆ. ನಾವು ನಿಮಿಷಕ್ಕೆ 15ರಿಂದ 20 ಸಲ ಕಣ್ಣು ಮಿಟುಕಿಸುತ್ತೇವೆ. ಅಂದರೆ ಗಂಟೆಗೆ ಸುಮಾರು ಸಾವಿರ ಸಲ ಆ ಮಡಿಕೆ ಮುಚ್ಚಿ ತೆರೆಯುತ್ತದೆ. ಯಾವ ವಯಸ್ಸಿನವರ ರೆಪ್ಪೆಯಾದರೂ ಅಷ್ಟೇ ಅಲ್ವಾ?

ಬೀಳ್ಕೊಡುಗೆಯ ಬೆಳಿಗ್ಗೆ ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿದೆ. ಅವಳಿಗೆ ಅಷ್ಟೇನೂ ಉತ್ಸಾಹ ಇರಲಿಲ್ಲ, ನನ್ನ ಮನಸ್ಸಿಗಾಗಿ ಕೂತಿದ್ದಳು. ರೆಪ್ಪೆಯ ಮೇಲಿದ್ದ ಕ್ರೀಮನ್ನು ಟಿಶ್ಯೂನಿಂದ ಮೆಲ್ಲಗೆ ಒತ್ತಿ ತೆಗೆದೆ. ಬಣ್ಣ ನಿಲ್ಲಲಿ ಅಂತ ಅದಕ್ಕೂ ಮೊದಲು ಹಚ್ಚುವ ಪ್ರೈಮರನ್ನು ಸಾಸಿವೆ ಕಾಳಿನಷ್ಟು ಎರಡೂ ರೆಪ್ಪೆಗೆ ಹಂಚಿ, ಒಂದು ನಿಮಿಷ ಬಿಟ್ಟೆ. ಪ್ರೈಮರ್ ಬದಲು ಕಲೆ ಮುಚ್ಚುವ ಕನ್ಸೀಲರ್ ಹಚ್ಚುವವರೂ ಇದ್ದಾರೆ. ನನಗದು ಇಷ್ಟವಿಲ್ಲ. ಜಿಡ್ಡು ಜಿಡ್ಡಾದ ಕನ್ಸೀಲರ್ ಆದರೆ ಮೊದಲು ಅದೇ ಗೆರೆ ಕಟ್ಟುತ್ತದೆ.

ಬಣ್ಣವನ್ನೂ ಬದಲಾಯಿಸಿದೆ. ಮೊದಲ ಸಲ ಹಚ್ಚಿದ್ದು ತಿಳಿ ಬಣ್ಣದ, ದಪ್ಪ ಮಿಂಚಿನ ಸ್ಟಿಕ್. ಅಂಥ ಮಿಂಚು ಸಣ್ಣ ಸಣ್ಣ ಸುಕ್ಕನ್ನೂ ಎತ್ತಿ ತೋರಿಸುತ್ತದೆ. ಈ ಸಲ ಅವಳ ಮೈಬಣ್ಣಕ್ಕಿಂತ ಒಂದೆರಡು ಛಾಯೆ ಗಾಢವಾದ, ಹದವಾದ ಹೊಳಪಿನ ಕಂದು ತೆಗೆದುಕೊಂಡೆ. ಅವಳಿಗೆ ಎಷ್ಟು ಚೆನ್ನಾಗಿ ಒಪ್ಪಿತು ಅಂತ ಹೇಳಿದರೆ ಸಾಲದು.

ಸ್ಟಿಕ್ಕನ್ನು ನೇರವಾಗಿ ಅವಳ ಕಣ್ಣಿಗೆ ಮುಟ್ಟಿಸಲಿಲ್ಲ. ನನ್ನ ಕಣ್ಣಿಗೆ ಹಚ್ಚಿದ್ದನ್ನು ಇನ್ನೊಬ್ಬರ ಕಣ್ಣಿಗೆ ಹಚ್ಚಬಾರದು, ಕಣ್ಣಿನ ಸೋಂಕು ಹಾಗೇ ದಾಟುತ್ತದೆ. ಮೊದಲ ದಿನ ಖುಷಿಯಲ್ಲಿ ಅದನ್ನೂ ಮರೆತಿದ್ದೆ. ತುದಿಯನ್ನು ಟಿಶ್ಯೂನಿಂದ ಒರೆಸಿ, ತೊಳೆದ ಕೈಯ ಹಿಂಭಾಗಕ್ಕೆ ಸ್ವಲ್ಪ ಉಜ್ಜಿ, ಅಲ್ಲಿಂದ ಚಿಕ್ಕ ಬ್ರಷ್‌ನಲ್ಲಿ ತೆಗೆದುಕೊಂಡೆ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಮೈಯ ಬಿಸಿಗೆ ಬಣ್ಣ ಮೆತ್ತಗಾಗುತ್ತದೆ, ಬ್ರಷ್‌ಗೆ ಬೇಕಾದಷ್ಟೇ ಬರುತ್ತದೆ, ಚರ್ಮ ಎಳೆಯುವುದಿಲ್ಲ.

ಒಂದು ಸಲಕ್ಕೆ ಒಂದೇ ಕಣ್ಣು. ಹುಬ್ಬನ್ನು ಹೆಬ್ಬೆರಳಿನಿಂದ ಒಂಚೂರು ಮೇಲೆತ್ತಿ ಹಿಡಿದು, ರೆಪ್ಪೆಗೂದಲ ಬುಡದಿಂದ ಶುರು ಮಾಡಿದೆ. ಎಳೆಯದೆ, ಒತ್ತಿ ಒತ್ತಿ ಹಚ್ಚಿದೆ. ಬುಡದಲ್ಲಿ ಬಣ್ಣ ಜಾಸ್ತಿ, ಮಡಿಕೆ ಹತ್ತಿರ ಬರುವಷ್ಟರಲ್ಲಿ ಬರೀ ನೆರಳಿನಷ್ಟು. ಮಡಿಕೆಯಲ್ಲಿ ಬಣ್ಣವೇ ಕಡಿಮೆ ಇದ್ದರೆ ಅಲ್ಲಿ ಕೂಡಿಕೊಳ್ಳಲು ಏನಿದೆ? ಅಂಚನ್ನು ಉಂಗುರದ ಬೆರಳಿನಿಂದ ತಟ್ಟಿ ಕರಗಿಸಿದೆ. ಆ ಬೆರಳಿಗೆ ಒತ್ತಡ ಕಡಿಮೆ.

"ಕಣ್ಣು ತೆರೀಬೇಡಮ್ಮ."

"ಎಷ್ಟು ಹೊತ್ತು?"

"ಅರವತ್ತು ಎಣಿಸು."

ಎಣಿಸಿದಳು, ಜೋರಾಗಿ, ಒಂದೂ ಬಿಡದೆ. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಅವಳ ಮುಖವನ್ನು ನಾನು ನೋಡಿದ್ದು ಯಾವಾಗಲೋ ನೆನಪಿಲ್ಲ. ಅರವತ್ತಾದ ಮೇಲೆ ಕನ್ನಡಿಯನ್ನು ಅವಳ ಎದೆಯ ಮಟ್ಟಕ್ಕೆ ಹಿಡಿದು ಕೆಳಗೇ ನೋಡಲು ಹೇಳಿದೆ. ಕೆಳಗೆ ನೋಡಿದರೆ ರೆಪ್ಪೆ ಮಡಚುವುದಿಲ್ಲ. ಬ್ರಷ್‌ಗೆ ಸ್ವಲ್ಪವೇ ಪೌಡರ್ ತೆಗೆದು, ಹೆಚ್ಚಿದ್ದನ್ನು ಕೊಡವಿ, ಮಡಿಕೆಯ ಮೇಲೆ ಒತ್ತಿದೆ. ಪೌಡರ್ ಜಾಸ್ತಿಯಾದರೆ ಇಂಥ ರೆಪ್ಪೆ ಬಿರಿದ ಹಾಗೆ ಕಾಣುತ್ತದೆ, ಕೈ ಹಿಡಿತದಲ್ಲಿರಬೇಕು. ಆಮೇಲೆ ಇನ್ನೊಂದು ಕಣ್ಣು, ಇನ್ನೊಂದು ಅರವತ್ತು.

ಸಮಾರಂಭ ಐದು ಗಂಟೆ ನಡೆಯಿತು. ಮಾತಾಡಲು ನಿಂತಾಗ ಅಮ್ಮ ಅತ್ತಳು. ಮೊದಲೇ ಹೇಳಿಟ್ಟಿದ್ದೆ, ಉಜ್ಜಬೇಡ, ಕರವಸ್ತ್ರದ ತುದಿಯನ್ನು ಕಣ್ಣಿನ ಮೂಲೆಗೆ ಸುಮ್ನೆ ಒತ್ತು ಅಂತ. ಹಾಗೇ ಮಾಡಿದಳು. ಗುಂಪು ಫೋಟೋಗೆ ಮುಂಚೆ ಪಕ್ಕಕ್ಕೆ ಕರೆದು ನೋಡಿದೆ. ಎಡಗಣ್ಣಿನ ಹೊರ ಮೂಲೆಯಲ್ಲಿ ಕೂದಲೆಳೆಯಷ್ಟು ಗೆರೆ ಬಂದಿತ್ತು. ಅದರ ಮೇಲೆ ಹೊಸ ಬಣ್ಣ ಹಚ್ಚಿದ್ದರೆ ಕೆಟ್ಟೇ ಹೋಗುತ್ತಿತ್ತು. ಶುಚಿಯಾದ ಬೆರಳಿನಿಂದ ತಟ್ಟಿ ಸಮ ಮಾಡಿ, ಚೂರು ಪೌಡರ್ ಒತ್ತಿದೆ. ಹೋಯಿತು. ಫೋಟೋದಲ್ಲಿ ಅವಳ ಕಣ್ಣು ನೋಡಬೇಕು ನೀವು.

ರಾತ್ರಿ ಅವಳೇ ಬಂದು ನನ್ನ ಮಂಚದ ಮೇಲೆ ಕೂತಳು. ಇದು ಬರೀ ನೀರಿಗೆ ಹೋಗುವ ಬಣ್ಣವಲ್ಲ, ಉಜ್ಜಿದರೆ ರೆಪ್ಪೆಗೆ ನೋವು. ಹತ್ತಿಗೆ ಕ್ಲೆನ್ಸಿಂಗ್ ಆಯಿಲ್ ಹಾಕಿ ಎರಡೂ ಕಣ್ಣುಗಳ ಮೇಲಿಟ್ಟೆ. ಬಣ್ಣ ಕರಗುವವರೆಗೆ ಹಾಗೇ ಹಿಡಿದುಕೊಂಡಿರಬೇಕು.

ಕಣ್ಣು ಮುಚ್ಚಿಕೊಂಡೇ ಅಮ್ಮ ಕೇಳಿದಳು, "ಈಗ ಎಷ್ಟು ಎಣಿಸ್ಲಿ?"