ಕಬ್ಬನ್ ಪಾರ್ಕಿನಲ್ಲಿ ಅಜ್ಜಿಯ ಜೊತೆ

ಅಜ್ಜಿಯ ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತು. ಚೆಕಪ್ ಬೇಗ ಮುಗಿಯಿತು. ಚಿನ್ನದ ಗಣಿಯ ನಮ್ಮೂರು ಕೆಜಿಎಫ್‌ಗೆ ಹೋಗುವ ಮಾರಿಕುಪ್ಪಂ ರೈಲಿಗೆ ಸಂಜೆವರೆಗೂ ಕಾಯಬೇಕು. "ದಿನಾ ಓದೋಕೆ ಹೋಗ್ತೀಯಲ್ಲ, ಆ ಜಾಗ ತೋರ್ಸು ಮಗಾ" ಅಂದಳು. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿಗೆ ಕರೆದುಕೊಂಡು ಹೋದೆ.

ಒಳಗೆ ಹೋಗುವ ಮೊದಲೇ ಎದುರಿನ ಪ್ರತಿಮೆಯ ಹತ್ತಿರ ನಿಂತುಬಿಟ್ಟಳು.

"ಯಾರಪ್ಪ ಇವ್ರು?"

"ಶೇಷಾದ್ರಿ ಅಯ್ಯರ್ ಅಂತ ಅಜ್ಜಿ, ಮೈಸೂರು ದಿವಾನರಾಗಿದ್ರು. ನಮ್ಮ ಮೈನ್ಸ್‌ಗೆ ಕರೆಂಟ್ ಕೊಡಿಸಿದೋರು."

ಪರೀಕ್ಷೆಗೆಂದು ಎಷ್ಟೋ ಸಲ ಬರೆದುಕೊಂಡ ಹೆಸರು ಅದು. ದಿವಾನಗಿರಿ 1883ರಿಂದ 1901, ಬೆಂಗಳೂರಿಗೆ ಹೆಸರಘಟ್ಟದ ನೀರು 1894. ಆದರೆ ಅಜ್ಜಿಗೆ ಇಸವಿಗಳಿಂದ ಏನಾಗಬೇಕು? ಕಾವೇರಿಯ ಕಥೆ ಹೇಳಿದೆ.

ಹೊಳೆ ಹುಟ್ಟಿದ್ದು ಮೇಲೆ, ಆದರೂ ಮೈಸೂರಿನವರು ಹೊಸ ಕೆರೆ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಬೇಕು. 1892ರ ಒಪ್ಪಂದ ಹಾಗಿತ್ತು. ಅದು ಆದದ್ದೂ ಇವರ ಕಾಲದಲ್ಲೇ. ನನಗೆ ಅದು ಇವತ್ತಿಗೂ ನುಂಗಲಾರದ ತುತ್ತು. ರಾಜರು ನಮ್ಮವರಾದರೂ ಮೇಲೆ ಕೂತವನು ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟ್. ಅಂಥದ್ದರಲ್ಲಿ ಶಿವನಸಮುದ್ರದಲ್ಲಿ ಧುಮುಕುವ ನೀರಿನಿಂದ ಕರೆಂಟ್ ತೆಗೆಯುವ ಕೆಲಸಕ್ಕೆ ಕೈಹಾಕಿದರು. ಟರ್ಬೈನ್ ತಿರುಗಿಸಿದ ನೀರು ಮತ್ತೆ ಹೊಳೆಗೇ ಸೇರುತ್ತದೆ, ಕೆಳಗಿನವರಿಗೆ ಒಂದು ಬೊಗಸೆಯೂ ಕಡಿಮೆಯಾಗುವುದಿಲ್ಲ. ಕೈಕಟ್ಟಿದ್ದಾಗಲೂ ದಾರಿ ಹುಡುಕುವುದು ಅಂದರೆ ಇದು ಅಂತ ನನಗನ್ನಿಸುತ್ತದೆ. ಅಲ್ಲಿಂದ ಕೆಜಿಎಫ್‌ವರೆಗೆ 147 ಕಿಲೋಮೀಟರ್ ತಂತಿ ಎಳೆದರು. ಆ ಕಾಲಕ್ಕೆ ಅದು ದೊಡ್ಡ ಸಾಹಸ.

"ಬೆಂಗಳೂರಿಗಿಂತ ಮುಂಚೇನಾ?"

"ಹೂಂ. ಮೈನ್ಸ್‌ಗೆ 1902, ಇಲ್ಲಿನ ಬೀದಿಗೆ 1905."

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗಣಿ ಆಗ ಲಂಡನ್ ಕಂಪನಿಯದು, ಮೈಸೂರಿಗೆ ಬರುತ್ತಿದ್ದದ್ದು ರಾಯಧನ ಮತ್ತು ಕರೆಂಟಿನ ದುಡ್ಡು. ಅವಳ ಮಾವ, ಆಮೇಲೆ ನಮ್ಮ ತಾತ, ಇಬ್ಬರೂ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಳಗಿಳಿದು ದುಡಿದವರು.

"ನಾನು ಮದುವೆಯಾಗಿ ಬಂದಾಗ ಶಾಫ್ಟ್ ಮೇಲೆ ರಾತ್ರಿಯೆಲ್ಲ ದೀಪ ಉರೀತಿತ್ತು. ನಮ್ಮ ಲೈನ್ ಮನೇಲಿ ಸೀಮೆಎಣ್ಣೆ ಬುಡ್ಡಿ. ತಟ್ಟಿ ಗೋಡೆ ಸಂದಿಲಿ ಆ ಬೆಳಕು ಒಳಗೆ ಬೀಳ್ತಿತ್ತು, ಅದರಲ್ಲೇ ನಿಮ್ಮ ತಾತನ ರಾತ್ರಿ ಪಾಳಿಗೆ ಬುತ್ತಿ ಕಟ್ತಿದ್ದೆ."

ಎಷ್ಟು ವರ್ಷ ಓದಿದರೂ ಇದು ನನ್ನ ನೋಟ್ಸಿನಲ್ಲಿ ಇರಲಿಲ್ಲ. ದಿವಾನರು ತರಿಸಿದ ಬೆಳಕು ನಮ್ಮ ಮನೆಗೆ ಬಂದದ್ದು ಗೋಡೆಯ ಸಂದಿಯಿಂದ.

"ಕರೆಂಟ್ ಬಂದ ದಿನ ಇವರು ನಮ್ಮೂರಿಗೆ ಬಂದಿದ್ರಾ?"

"ಇಲ್ಲ ಅಜ್ಜಿ. ಆರೋಗ್ಯ ಕೆಟ್ಟು ದಿವಾನಗಿರಿ ಬಿಟ್ಟಿದ್ರು. 1901ರ ಸೆಪ್ಟೆಂಬರ್‌ನಲ್ಲೇ ಹೋಗ್ಬಿಟ್ರು. ದೀಪ ಹತ್ತಿದ್ದು ಮುಂದಿನ ವರ್ಷ ಜೂನ್‌ನಲ್ಲಿ."

"ಅಯ್ಯೋ, ನೋಡ್ಲೇ ಇಲ್ವಾ!"

ಡಾಕ್ಟರ್ ತೆಗೆಯಬಾರದು ಎಂದಿದ್ದ ಕಪ್ಪು ಕನ್ನಡಕವನ್ನು ತೆಗೆದು, ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡು, ಪೇಟ ತೊಟ್ಟ ಆ ಮುಖವನ್ನು ಬಿಸಿಲಿನಲ್ಲಿ ಬಹಳ ಹೊತ್ತು ನೋಡಿದಳು. ನಾನು ತಡೆಯಲಿಲ್ಲ.