ಗಂಟು ಮತ್ತು ಗಂಟೆ

ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಾಗ ಧಾರವಾಡದ ಆಕಾಶಕ್ಕೂ ಮೋಡ ಕವಿಯುವುದುಂಟು. ಅಂಥದೊಂದು ಸಂಜೆ ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಪತ್ರಿಕೆಯೊಂದಕ್ಕೆ ಚಂಡಮಾರುತದ ಲೇಖನದ ಕರಡು ತಿದ್ದುತ್ತಿದ್ದೆ. ಲೇಖಕರು ಒಂದು ಕಡೆ ‘ನಾಟ್’ ಎಂದೂ ಇನ್ನೊಂದು ಕಡೆ ‘ನಾಟಿಕಲ್ ಮೈಲಿ’ ಎಂದೂ ಬರೆದಿದ್ದರು. ಪದಬಳಕೆಯಲ್ಲಿ ಏಕರೂಪತೆ ಇರಲೆಂಬ ಹಳೆಯ ಚಟದಿಂದ ಎಲ್ಲವನ್ನೂ ‘ನಾಟ್’ ಮಾಡಿ, ವೇಗ ಬಂದಲ್ಲಿ ‘ಗಂಟೆಗೆ’ ಎಂದೂ ಸೇರಿಸಿದೆ. ಹೀಗಾಗಿ ಗಾಳಿ ‘ಗಂಟೆಗೆ 40 ನಾಟ್’ ವೇಗದಲ್ಲಿ ಬೀಸತೊಡಗಿತು, ಚಂಡಮಾರುತ ತೀರದಿಂದ ‘200 ನಾಟ್ ದೂರ’ದಲ್ಲಿ ನಿಂತಿತು.

ಸರಕು ಹಡಗಿನಲ್ಲಿ ಕೆಲಸ ಮಾಡುವ ಅಣ್ಣನ ಮಗ ರಜೆಗೆಂದು ಹುಬ್ಬಳ್ಳಿಗೆ ಬಂದವನು ಅಂದು ನಮ್ಮಲ್ಲಿದ್ದ. ಹಾಳೆಯತ್ತ ಕಣ್ಣು ಹಾಯಿಸಿ, “ಕಾಕಾ, ನಾಟ್ ಅಂದ್ರನ ವೇಗ. ಅದಕ್ಕ ಮತ್ತ ‘ಗಂಟೆಗೆ’ ಯಾಕ ಹಚ್ಚೀರಿ? ದೂರಕ್ಕ ನಾಟಿಕಲ್ ಮೈಲಿನ ಬೇಕ್ರಿ” ಎಂದ.

ನಾಟಿಕಲ್ ಮೈಲಿ ದೂರದ ಅಳತೆ. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಸರಿಸುಮಾರು ಒಂದು ಪಾಲಿನಷ್ಟು. 1929ರ ಅಂತಾರಾಷ್ಟ್ರೀಯ ಸಮ್ಮೇಳನವೊಂದು ಅದನ್ನು 1,852 ಮೀಟರ್ ಎಂದು ಗೊತ್ತುಪಡಿಸಿತು. ಗಂಟೆಗೆ ಅಷ್ಟು ದೂರ ಕ್ರಮಿಸುವ ವೇಗವೇ ಒಂದು ನಾಟ್. ಹುಬ್ಬಳ್ಳಿ–ಧಾರವಾಡದ ನಡುವಿನ ಸುಮಾರು 20 ಕಿಲೋಮೀಟರ್ ಕಡಲಾಗಿದ್ದರೆ, 11 ನಾಟ್ ವೇಗದ ಹಡಗಿಗೆ ಒಂದು ತಾಸಿನ ಹಾದಿ.

ನಾಟ್ ಎಂದರೆ ನಿಜಕ್ಕೂ ಹಗ್ಗದ ಗಂಟೇ ಎಂಬುದನ್ನು ತೋರಿಸಲು ಅವನು ಹಿತ್ತಲಿನ ಹಗ್ಗ ಬಿಚ್ಚಿ ತಂದ. ಹಿಂದೆ ನಾವಿಕರು ಸಮಾನ ಅಂತರದಲ್ಲಿ ಗಂಟು ಹಾಕಿದ ಹಗ್ಗದ ತುದಿಗೆ ಹಲಗೆಯ ತುಂಡೊಂದನ್ನು ಕಟ್ಟಿ, ಸಾಗುತ್ತಿರುವ ಹಡಗಿನ ಹಿಂಬದಿಯಿಂದ ನೀರಿಗೆಸೆಯುತ್ತಿದ್ದರು. ಹಲಗೆ ನೀರಲ್ಲಿ ನಿಂತಲ್ಲೇ ನಿಲ್ಲುತ್ತಿತ್ತು, ಹಡಗು ಮುಂದೆ ಹೋದಂತೆ ಹಗ್ಗ ಕೈಯಿಂದ ಜಾರುತ್ತಿತ್ತು. 28 ಸೆಕೆಂಡಿನ ಮರಳು ಗಡಿಯಾರ ಬರಿದಾಗುವಷ್ಟರಲ್ಲಿ ಎಷ್ಟು ಗಂಟು ಜಾರಿದವೋ ಅಷ್ಟು ನಾಟ್ ವೇಗ. ಗಂಟಿನಿಂದ ಗಂಟಿಗೆ 47 ಅಡಿ 3 ಅಂಗುಲ ಇರಬೇಕಿತ್ತು. ನಮ್ಮ ಹಿತ್ತಲಿನ ಹಗ್ಗ ಒಂದು ಗಂಟಿಗೂ ಸಾಲಲಿಲ್ಲ! ಕಾಲದ ಲೆಕ್ಕ ಗಂಟಿನೊಳಗೇ ಅಡಗಿರುವಾಗ ಮೇಲೊಂದು ‘ಗಂಟೆಗೆ’ ಸೇರಿಸಿದ್ದು ನನ್ನದೇ ಪ್ರಮಾದ.

ಮೂಲದಲ್ಲಿ ಲೇಖಕರು ಬರೆದದ್ದು ಸರಿಯಾಗಿಯೇ ಇತ್ತು. ನನ್ನ ಕೆಂಪು ಗೆರೆಗಳನ್ನೆಲ್ಲ ಅಳಿಸಿ ಅದನ್ನೇ ಉಳಿಸಿದೆ. ರಾತ್ರಿ ಹಳೆಯ ಪುಟಗಳ ಕಡತ ತೆಗೆದು ನೋಡಿದಾಗ ಎರಡು ಕಡೆ ‘ಗಂಟೆಗೆ ಇಷ್ಟು ನಾಟ್’ ಎಂದೇ ಅಚ್ಚಾಗಿತ್ತು. ಎರಡೂ ನಾನು ತಿದ್ದಿ ಕಳಿಸಿದ್ದ ಪುಟಗಳು.