ರಾಗದ ಹೆಸರಿನಲ್ಲಿ ಹುಡುಕಲು ಬರುತ್ತದೆಯೇ?

"ಅಲ್ಲರೀ, ಹಾಡು ಫೋನಿನಾಗ ಬರ್ತಾವ, ಟಿವಿಯಾಗ ಬರ್ತಾವ. ಮತ್ತ ಲಕ್ಷಗಟ್ಟಲೆ ಕೊಟ್ಟು ಈ ಡಬ್ಬಿ ಯಾಕ?" ಅಂತ ನನ್ನಾಕೆ ಕೇಳಿದಾಗ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮ್ಯೂಸಿಕ್ ಸರ್ವರ್ ಅನ್ನುವುದು ಆಂಪ್ಲಿಫೈಯರ್ ಅಲ್ಲ, ಸ್ಪೀಕರ್ ಅಲ್ಲ, ಅದರಿಂದ ನೇರವಾಗಿ ಒಂದು ಸ್ವರವೂ ಹೊರಡುವುದಿಲ್ಲ. ಹಾಡುಗಳನ್ನು ಇಟ್ಟುಕೊಂಡು, ಕೇಳಿದಾಗ ಹುಡುಕಿ ಕೊಡುವುದಷ್ಟೇ ಅದರ ಕೆಲಸ. ಆ ಹುಡುಕಿ ಕೊಡುವ ಕೆಲಸಕ್ಕೆ ಎಷ್ಟು ರೊಕ್ಕ ಕೊಡಬೇಕು ಅನ್ನುವುದು ನಿಜವಾಗಿಯೂ ಕೇಳಬೇಕಾದ ಪ್ರಶ್ನೆಯೇ.

ನನ್ನ ಹತ್ತಿರ ಇರುವುದು ಬಹುತೇಕ ಹಿಂದೂಸ್ತಾನಿ ಸಂಗೀತ. ಧಾರವಾಡದಲ್ಲಿ ಬೆಳೆದವನಿಗೆ ಅದೇನೂ ವಿಶೇಷವಲ್ಲ. ಮನ್ಸೂರ, ಗಂಗೂಬಾಯಿ, ರಾಜಗುರು ಅಂದರೆ ಆ ಊರಲ್ಲಿ ಓಣಿಯ ಮಂದಿಯ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ತೊಂಬತ್ತರ ದಶಕದಿಂದ ಕೊಂಡ ಸಿಡಿಗಳು, ಅದಕ್ಕೂ ಮೊದಲು ಆಕಾಶವಾಣಿ ಧಾರವಾಡದಿಂದ ಟೇಪ್ ರೆಕಾರ್ಡರಿಗೆ ಹಿಡಿದುಕೊಂಡ ಕ್ಯಾಸೆಟ್ಟುಗಳು, ಸ್ನೇಹಿತರು ಕೊಟ್ಟ ಮೆಹಫಿಲ್ ಧ್ವನಿಮುದ್ರಣಗಳು. ನಿವೃತ್ತಿಯ ನಂತರ ಬೆಂಗಳೂರಿನ ಮನೆಯಲ್ಲಿ ಕೂತು ಎಲ್ಲವನ್ನೂ ಫ್ಲಾಕ್ ಕಡತಗಳಾಗಿ ಮಾಡಿಟ್ಟೆ. ಫ್ಲಾಕ್ ಬಂದದ್ದು 2001ರಲ್ಲಿ. ಎಂಪಿ3 ಹಾಗೆ ಧ್ವನಿಯನ್ನು ಕತ್ತರಿಸಿ ಎಸೆಯುವುದಿಲ್ಲ, ಸಿಡಿಯಲ್ಲಿರುವ 16 ಬಿಟ್, 44.1 ಕಿಲೋಹರ್ಟ್ಜ್ ಮಾಹಿತಿಯನ್ನು ಹಾಗೆಯೇ ಉಳಿಸಿ ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಒಂದು ಸಿಡಿಗೆ ಮುನ್ನೂರು, ನಾನೂರು ಎಂಬಿ. ಹೀಗಾಗಿ ನನ್ನ ಇಡೀ ಕಪಾಟು ಒಂದು ಟಿಬಿ ಡಿಸ್ಕಿನೊಳಗೆ ಆರಾಮಾಗಿ ಕೂತಿತು. ಜಾಗದ ಚಿಂತೆ ಯಾವತ್ತೂ ಇರಲಿಲ್ಲ.

ಫ್ಲಾಕಿನ ಇನ್ನೊಂದು ಗುಣವೇ ನನ್ನನ್ನು ಈ ಫಜೀತಿಗೆ ಎಳೆದದ್ದು. ಪ್ರತಿ ಕಡತದ ತಲೆಯ ಮೇಲೆ ಗಾಯಕ, ಆಲ್ಬಂ, ವರ್ಷ ಅಂತ ಟ್ಯಾಗ್ ಬರೆಯಬಹುದಲ್ಲ, ಅಲ್ಲಿ ನಮಗೆ ಬೇಕಾದ ಹೊಸ ಕಲಮನ್ನೂ ಸೇರಿಸಿಕೊಳ್ಳಬಹುದು. ಕಲಮಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಬೇಕು. ಒಳಗಿನ ವಿಷಯ ಕನ್ನಡದಲ್ಲಿದ್ದರೂ ನಡೆಯುತ್ತದೆ. ನಾನು ರಾಗ, ತಾಳ, ತಬಲಾ, ಹಾರ್ಮೋನಿಯಂ ಅಂತ ಕಲಮುಗಳನ್ನು ಮಾಡಿ ಒಂದೊಂದು ಕಡತಕ್ಕೂ ಕನ್ನಡದಲ್ಲೇ ತುಂಬುತ್ತ ಬಂದೆ. ಶಿವಮತ ಭೈರವ, ಬಹಾದುರಿ ತೋಡಿ, ಹೇಮ್ ನಟ್. ಮನ್ಸೂರರ ಅಪರೂಪದ ರಾಗಗಳ ಪಟ್ಟಿ ಟೈಪ್ ಮಾಡುವಾಗಲೇ ಅರ್ಧ ಕಛೇರಿ ಕೇಳಿದ ಹಾಗಾಗುತ್ತಿತ್ತು. ಇಷ್ಟೆಲ್ಲ ಬರೆದಿಟ್ಟ ಮೇಲೆ ಅದನ್ನು ಓದಬಲ್ಲ ಯಂತ್ರವೊಂದು ಬೇಡವೇ?

ಲ್ಯಾಪ್‌ಟಾಪಿನಲ್ಲೇ ನಡೆಯುತ್ತಿತ್ತು, ಸುಳ್ಳಲ್ಲ. ಆದರೆ ಆಲಾಪದ ನಡುವೆ ಅದರ ಫ್ಯಾನ್ ಗುಂಯ್ ಅನ್ನುವುದು, ಅಪ್‌ಡೇಟ್ ಬಂತು ಅಂತ ಟಣ್ ಅನ್ನುವುದು, ನಾನು ಮನೆಯಲ್ಲಿ ಇಲ್ಲದಾಗ ಬೇರೆ ಯಾರಿಗೂ ಅದನ್ನು ಮುಟ್ಟಲು ಧೈರ್ಯ ಬಾರದಿರುವುದು, ಇವೆಲ್ಲ ಇದ್ದವು.

ಅಂಗಡಿಗೆ ಹೋಗುವ ಮುಂಚೆ ಇಂಥ ಸರ್ವರ್ ಮಾಡುವ ಕಂಪನಿಗಳ ಬಗ್ಗೆ ಓದಿಕೊಂಡೆ. ಕೊರಿಯಾದ ಅರೆಂಡರ್, ಪೋರ್ಚುಗಲ್ಲಿನ ಇನುವೋಸ್, ಜಪಾನಿನ ಮೆಲ್ಕೊ, ನ್ಯೂಜಿಲೆಂಡಿನ ಆಂಟಿಪೋಡ್ಸ್. ಒಂದೊಂದಕ್ಕೂ ಒಂದೊಂದು ಹೆಚ್ಚುಗಾರಿಕೆ. ಅರೆಂಡರ್ ಹಾಡನ್ನು ಮೊದಲು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಗೆ ಎಳೆದುಕೊಂಡು ಅಲ್ಲಿಂದ ನುಡಿಸುತ್ತದೆ, ಅಷ್ಟು ಹೊತ್ತು ತಿರುಗುವ ಡಿಸ್ಕು ಮಲಗಿರುತ್ತದೆ. ಇನುವೋಸಿನ ಕೆಲವು ಮಾದರಿಗಳ ಮುಂದೆಯೇ ಸಿಡಿ ತೂರಿಸುವ ಸೀಳು ಇದೆ. ಹಾಕಿದರೆ ತಾನೇ ನಕಲು ಮಾಡಿಕೊಂಡು ಉಗುಳುತ್ತದೆ. ಪೆಟ್ಟಿಗೆ ಬೇಡ, ಬರೀ ಸಾಫ್ಟ್‌ವೇರ್ ಸಾಕು ಅನ್ನುವವರಿಗೆ 2015ರಲ್ಲಿ ಬಂದ ರೂನ್ ಇದೆ, ಈಗ ಅದು ಹಾರ್ಮನ್ ಕಂಪನಿಯ ಕೈಯಲ್ಲಿದೆ. ತಿಂಗಳ ಬಾಡಿಗೆ ಅಥವಾ ಒಂದೇ ಸಲದ ದೊಡ್ಡ ಮೊತ್ತ. ನೋಡಲು ಬಹಳ ಚೆಂದ. ಬಾಡಿಗೆ ಕಟ್ಟಿ ನನ್ನದೇ ಸಿಡಿ ಕೇಳುವುದು ಮಾತ್ರ ನನಗೆ ಒಗ್ಗಲಿಲ್ಲ.

ಮೊದಲು ಹೋದ ಶೋರೂಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಣ್ಣನೆಯ ಕೋಣೆ, ದಪ್ಪ ರತ್ನಗಂಬಳಿ, ಒಳ್ಳೆಯ ಕಾಫಿ. ಹುಡುಗ ಮೊದಲು ಡ್ರಮ್ಸ್ ಹಾಕಿದ, ಆಮೇಲೆ ಪಿಸುಗುಟ್ಟಿದ ಹಾಗೆ ಹಾಡುವ ಒಬ್ಬ ಜಾಝ್ ಹೆಂಗಸು. ಈ ಅಂಗಡಿಗಳೆಲ್ಲ ಈ ಎರಡನ್ನು ಬಿಟ್ಟು ಬೇರೆ ಕೇಳಿಸುವುದೇ ಇಲ್ಲವೇನೋ ಅನ್ನುವ ಗುಮಾನಿ ನನಗಿದೆ. "ಸರ್, ಟೈಡಲ್, ಕೋಬಜ್ ಎರಡೂ ಇದರೊಳಗೇ ಇವೆ" ಅಂದ. ಅಂತರ್ಜಾಲದಲ್ಲಿ ಹಾಡು ಕೇಳಿಸುವ ಆ ಎರಡೂ ಸೇವೆ ನಮ್ಮ ದೇಶದಲ್ಲಿ ಅಧಿಕೃತವಾಗಿ ಸಿಗುತ್ತಿರಲಿಲ್ಲವಲ್ಲಪ್ಪಾ ಅಂದೆ. ಅದಕ್ಕೊಂದು ದಾರಿ ಇದೆ ಸರ್ ಅಂದ. ದಾರಿ ಯಾವುದೆಂದು ನಾನು ಕೇಳಲಿಲ್ಲ. ಬ್ರೋಶರಿನಲ್ಲಿ ಇನ್ನೂ ಎಂಕ್ಯೂಎ ಅನ್ನುವ ಆಡಿಯೊ ಕಡತ ವಿಧಾನದ ಚಿಹ್ನೆ ಮಿರುಗುತ್ತಿತ್ತು. ಅದರ ಹಿಂದಿನ ಕಂಪನಿ 2023ರಲ್ಲಿ ದಿವಾಳಿಯ ಅಂಚಿಗೆ ಹೋಗಿ ಬೇರೆಯವರ ಪಾಲಾಯಿತು, ಮರುವರ್ಷ ಟೈಡಲ್ ಕೂಡ ಅದನ್ನು ಕೈಬಿಟ್ಟಿತು. ಹೊಸ ಚಿಹ್ನೆಗೆಂದು ರೊಕ್ಕ ಕೊಡಬಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆಮೇಲೆ ನನ್ನ ಪೆನ್‌ಡ್ರೈವ್ ಹಾಕಿಸಿದೆ. ಕಡತಗಳು ಬಂದವು. ಆದರೆ ಯಂತ್ರ ಅಂತರ್ಜಾಲದಲ್ಲಿ ತಾನೇ ವಿಚಾರಿಸಿಕೊಂಡು ನನ್ನ ಸಂಗ್ರಹವನ್ನು ತಿದ್ದಲು ಕೂತಿತು. ಮನ್ಸೂರರು "ವರ್ಲ್ಡ್" ಅನ್ನುವ ಕಪಾಟಿಗೆ ಹೋದರು, ಅಲ್ಲಿ ಅವರ ಪಕ್ಕದಲ್ಲಿ ಯಾವುದೋ ಆಫ್ರಿಕದ ಡೋಲಿನವರು. ಭೀಮಸೇನ ಜೋಶಿಯವರು ಮೂವರಾದರು: ಬರೀ ಭೀಮಸೇನ್, ಪಂಡಿತ್ ಭೀಮಸೇನ್, ಚುಟುಕಾಗಿ ಪಿಟಿ ಭೀಮಸೇನ್. ದಾಸರ ಪದಗಳಿಗೆ ರಚನೆಕಾರ ಪುರಂದರದಾಸರು ಅಂತ ನಾನು ಬರೆದಿದ್ದರೆ ಅದು ಸ್ವರ ಸಂಯೋಜಕರ ಹೆಸರನ್ನು ತಂದು ಕೂಡಿಸಿತ್ತು. "ರಾಗದ ಹೆಸರಿನಲ್ಲಿ ಹುಡುಕಲು ಬರುತ್ತದೆಯೇ?" ಅಂದೆ. ಹುಡುಗ ಪರದೆಯನ್ನು ಮೇಲೆ ಕೆಳಗೆ ಸರಿಸಿದ. ಆರ್ಟಿಸ್ಟ್, ಆಲ್ಬಂ, ಜಾನರ್, ಕಂಪೋಸರ್. ಅಷ್ಟೇ. "ನೆಕ್ಸ್ಟ್ ಅಪ್‌ಡೇಟಲ್ಲಿ ಬರಬಹುದು ಸರ್" ಅಂದ. ಪಾಪ, ಅವನದೇನೂ ತಪ್ಪಿಲ್ಲ. ಈ ಯಂತ್ರಗಳನ್ನು ಮಾಡಿದವರ ಮನಸ್ಸಿನಲ್ಲಿ ಇರುವುದು ಮೂರು ನಿಮಿಷದ ಹಾಡು, ಹೆಚ್ಚೆಂದರೆ ಸಿಂಫನಿ. ಒಂದೇ ರಾಗವನ್ನು ಐದು ಮಂದಿ ಹಾಡಿದ್ದನ್ನು ಸಾಲಾಗಿ ಇಟ್ಟು ಕೇಳುವ ಚಟ ಇರುವವರು ಅವರ ಗಿರಾಕಿಗಳಲ್ಲ.

ಮರಳಿ ಬಂದು ತಂಗಿಯ ಮಗನಿಗೆ ಫೋನ್ ಮಾಡಿದೆ. ಸಾಫ್ಟ್‌ವೇರ್ ಹುಡುಗ, ಸಂಗೀತದ ಗಂಧ ಕಡಿಮೆ, ತಾಳ್ಮೆ ಹೆಚ್ಚು. ಎಲ್ಲ ಕೇಳಿ, "ಮಾಮಾ, ನಿಮಗ ಬೇಕಾಗಿದ್ದು ಪೆಟ್ಟಿಗಿ ಅಲ್ಲ, ಅದರೊಳಗಿನ ಲೈಬ್ರರಿಯನ್. ಟ್ಯಾಗ್ ಓದೋ ಸಾಫ್ಟ್‌ವೇರ್ ಯಾವುದು ಅಂತ ಮೊದಲು ನೋಡೋಣ" ಅಂದ. ಹಾಗೆ ನೋಡಿದಾಗ ಸಿಕ್ಕದ್ದು ಮಿನಿಮ್‌ಸರ್ವರ್. ಯಾವ ಯಾವ ಟ್ಯಾಗಿನ ಮೇಲೆ ಸೂಚಿ ಕಟ್ಟಬೇಕು ಅಂತ ನಾವೇ ಅದಕ್ಕೆ ಹೇಳಬಹುದು. ಹಳೆಯ ಕಂಪ್ಯೂಟರಿನ ಮೇಲೂ ನಡೆಯುತ್ತದೆ, ಜಪಾನಿನ ಮೆಲ್ಕೊ ಪೆಟ್ಟಿಗೆಯೊಳಗೂ ಇರುತ್ತದೆ.

ಅವನನ್ನೂ ಕರೆದುಕೊಂಡು ಹೋದ ಎರಡನೆಯ ಅಂಗಡಿ ಒಂದು ಮನೆಯ ಮಹಡಿ. ಮಾಲೀಕರು ವಯಸ್ಸಾದವರು, ಮಾತು ಕಡಿಮೆ. ಅವರ ಹತ್ತಿರ ಒಂದು ಮೆಲ್ಕೊ ಡೆಮೊ ಪೀಸ್ ಇತ್ತು. ಹೊಸದರ ಬೆಲೆ ನನ್ನ ಮೊದಲ ಮಾರುತಿಗಿಂತ ಜಾಸ್ತಿ ಅಂತ ತಿಳಿದ ಮೇಲೆ ನಾನು ಡೆಮೊ ಪೀಸನ್ನೇ ಗೌರವದಿಂದ ನೋಡತೊಡಗಿದೆ. 1975ರಲ್ಲಿ ಆಡಿಯೊ ಉಪಕರಣ ಮಾಡಲೆಂದೇ ಶುರುವಾದ ಕಂಪನಿ ಅದು, ನಡುವೆ ಬಫಲೋ ಅನ್ನುವ ಹೆಸರಿನಲ್ಲಿ ಕಂಪ್ಯೂಟರ್ ಡಿಸ್ಕು, ರೌಟರ್ ಮಾಡಿ ದೊಡ್ಡದಾಗಿ ಮತ್ತೆ ಆಡಿಯೊ ಕಡೆ ತಿರುಗಿದ್ದು. ಹಿಂದೆ ಎರಡು ನೆಟ್‌ವರ್ಕ್ ಕಿಂಡಿ: ಒಂದು ಮನೆಯ ರೌಟರಿಗೆ, ಇನ್ನೊಂದು ಹಾಡು ನುಡಿಸುವ ಪ್ಲೇಯರಿಗೆ ನೇರವಾಗಿ, ಮನೆಯ ಬೇರೆ ಗದ್ದಲ ಆ ತಂತಿಗೆ ಬಾರದ ಹಾಗೆ.

ಅಳಿಯ ತನ್ನ ಲ್ಯಾಪ್‌ಟಾಪ್ ತೆರೆದು, ಸೂಚಿಯ ಪಟ್ಟಿಗೆ ರಾಗ ಅನ್ನುವ ಒಂದು ಪದ ಸೇರಿಸಿ, ಮತ್ತೆ ಓದು ಅಂತ ಯಂತ್ರಕ್ಕೆ ಆಜ್ಞೆ ಕೊಟ್ಟ. ಕಾಫಿ ಬಂತು, ಕುಡಿದದ್ದಾಯಿತು. ಫೋನಿನ ಆಪ್ ತೆರೆದರೆ ಆರ್ಟಿಸ್ಟ್, ಕಂಪೋಸರ್ ಕೆಳಗೆ ರಾಗ ಅಂತ ಇನ್ನೊಂದು ಸಾಲು. ಒತ್ತಿದೆ. ಅಡಾಣಾ, ಅಹೀರ ಭೈರವ, ಆಸಾ ಜೋಗಿಯಾ. ಅಕಾರಾದಿಯಾಗಿ, ಕನ್ನಡದಲ್ಲಿ, ನಾನು ಬರೆದ ಹಾಗೆಯೇ. ಮಾಲೀಕರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇದು ಹೀಗೆ ಬರತ್ತೆ ಅಂತ ನನಗೇ ಗೊತ್ತಿರಲಿಲ್ಲ" ಅಂದರು.

ಧ್ವನಿಯ ವಿಷಯಕ್ಕೂ ಅಲ್ಲೇ ಒಂದು ಪರೀಕ್ಷೆ ಮಾಡಿದೆವು. ಒಂದೇ ಡ್ಯಾಕ್ (ಕಡತದ ಅಂಕಿಗಳನ್ನು ಧ್ವನಿಯ ಸಂಕೇತವಾಗಿ ಮಾಡುವ ಸಾಧನ), ಒಂದೇ ಆಂಪ್ಲಿಫೈಯರ್. ಒಮ್ಮೆ ಯುಎಸ್‌ಬಿ ತಂತಿ ಲ್ಯಾಪ್‌ಟಾಪಿನಿಂದ, ಒಮ್ಮೆ ಮೆಲ್ಕೊದಿಂದ. ನಾನು ಬೆನ್ನು ತಿರುಗಿಸಿ ಕೂತೆ, ಅಳಿಯ ತಂತಿ ಬದಲಿಸಿದ. ಡ್ರಮ್ಸ್ ಬೇಡ ಅಂದೆ. ಗಾಯಕ ಬಾಯಿ ತೆರೆಯುವ ಮುಂಚಿನ ಬರೀ ತಂಬೂರಿ. ಮೀಟಿದ ತಂತಿಯ ನಾದ ಸವೆಯುತ್ತ ಸವೆಯುತ್ತ ಎಲ್ಲಿ ಕರಗುತ್ತದೆ ಅನ್ನುವುದರಲ್ಲಿ ವ್ಯವಸ್ಥೆಯ ಬಣ್ಣ ಬಯಲಾಗುತ್ತದೆ. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಇದ್ದಾಗ ಎರಡರಲ್ಲಿ ಯಾವುದು ಯಾವುದೆಂದು ನನಗೆ ಹೇಳಲು ಬರಲಿಲ್ಲ. ಬರಬೇಕಾಗಿಯೂ ಇಲ್ಲ, ಎರಡೂ ಕಳಿಸುವುದು ಅದೇ ಬಿಟ್ಟುಗಳನ್ನು, ಅವನ್ನು ತನ್ನ ಗಡಿಯಾರಕ್ಕೆ ಸರಿಯಾಗಿ ಜೋಡಿಸಿಕೊಳ್ಳುವುದು ಡ್ಯಾಕಿನ ಕೆಲಸ. ಆದರೆ ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿದ ಕೂಡಲೇ ಸ್ಪೀಕರಿನ ಟ್ವೀಟರಿನಲ್ಲಿ ಸಣ್ಣಗೆ ಝಿಂಯ್ ಶುರುವಾಯಿತು. ಕಿವಿ ಹಚ್ಚಿ ಕೇಳಿದರೆ ಸ್ಪಷ್ಟ, ಕುರ್ಚಿಯಲ್ಲಿ ಕೂತರೆ ತಂಬೂರಿಯ ಬಾಲಕ್ಕೆ ಧೂಳು ಮೆತ್ತಿದ ಹಾಗೆ. ಚಾರ್ಜರ್ ಕಿತ್ತರೆ ಮಾಯ. ಅರ್ಥಿಂಗಿನ ದಾರಿ ಹಿಡಿದು ಬರುವ ಕೊಳೆ ಅದು. ಮೆಲ್ಕೊ ಹಚ್ಚಿದಾಗ ಆ ಸದ್ದು ಇರಲಿಲ್ಲ. ದುಬಾರಿ ಸರ್ವರಿನಿಂದ ಧ್ವನಿಗೆ ಲಾಭವೇನಾದರೂ ಇದ್ದರೆ ಇದೇ: ಏನನ್ನೂ ಸೇರಿಸದಿರುವುದು. ಮುಸುಕು ಸರಿಯಿತು, ವೇದಿಕೆ ಅಗಲವಾಯಿತು ಅಂತ ಪತ್ರಿಕೆಗಳಲ್ಲಿ ಬರೆಯುವವರ ಕಿವಿ ನನಗಿಲ್ಲ.

24 ಬಿಟ್, 192 ಕಿಲೋಹರ್ಟ್ಜ್, ಡಿಎಸ್‌ಡಿ ಅಂಥ ಸಿಡಿಗಿಂತ ಸೂಕ್ಷ್ಮವಾದ ಕಡತಗಳನ್ನೆಲ್ಲ ನುಡಿಸುತ್ತದೆಯೇ ಅಂತ ಅಳಿಯ ಕೇಳಿದ. ನುಡಿಸುತ್ತದೆ. ಕ್ಯಾಸೆಟ್ಟಿನಿಂದ ಏರಿಸಿದ ರಾಜಗುರುಗಳಿಗೆ ಅದರಿಂದ ಆಗಬೇಕಾದ್ದೇನು? ನನಗೆ ಬೇಕಾದದ್ದು ಎರಡು ಟ್ರ್ಯಾಕಿನ ನಡುವೆ ಬಿಡುವು ಬಾರದಿರುವುದು. ನಿಧಾನದ ವಿಲಂಬಿತದಿಂದ ವೇಗದ ದ್ರುತಕ್ಕೆ ಗಾಯಕ ಉಸಿರು ಬಿಡದೆ ದಾಟಿರುತ್ತಾನೆ. ಸಿಡಿ ಮಾಡಿದವರು ಅಲ್ಲೇ ಗೆರೆ ಎಳೆದಿರುತ್ತಾರೆ. ಕೆಲವು ಪ್ಲೇಯರುಗಳು ಆ ಗೆರೆಯ ಮೇಲೆ ಎಡವಿ ಅರ್ಧ ಸೆಕೆಂಡು ನಿಲ್ಲುತ್ತವೆ, ತಾಳದ ಮೊದಲ ಪೆಟ್ಟಾದ ಸಮ್ ತಪ್ಪಿದಂತಾಗಿ ಮೈ ಉರಿಯುತ್ತದೆ. ಇದು ಬರೀ ಸರ್ವರಿನ ಮಾತಲ್ಲ, ಎದುರಿಗಿರುವ ಪ್ಲೇಯರೂ ಮುಂದಿನ ಹಾಡನ್ನು ಮೊದಲೇ ತರಿಸಿಟ್ಟುಕೊಳ್ಳಬೇಕು. ಅದಕ್ಕೇ ನನ್ನ ಮನೆಯ ಪ್ಲೇಯರನ್ನು ಚೀಲದಲ್ಲಿ ಹೊತ್ತುಕೊಂಡೇ ಹೋಗಿದ್ದೆ. ದಾಟಿತು, ಎಡವದೆ.

ವ್ಯವಹಾರದ ಮಾತು ಬೇಗ ಮುಗಿಯಿತು. ಡೆಮೊ ಪೀಸಿಗೆ ಒಂದಷ್ಟು ಇಳಿಸಿದರು, ಡಿಸ್ಕು ಕೆಟ್ಟರೆ ಎಲ್ಲಿಗೆ ಕಳಿಸಬೇಕು, ಯಾರು ಖರ್ಚು ಕೊಡಬೇಕು ಅನ್ನುವುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡೆ. ಮಾಲೀಕರು ದುಬಾರಿ ಪವರ್ ಕೇಬಲ್ ತೋರಿಸಿದರು. ಕೈಮುಗಿದು, ಆ ದುಡ್ಡಿನ ಸಣ್ಣ ಪಾಲಿಗೆ 600 ವಿಎ ಯುಪಿಎಸ್ ತಗೊಂಡೆ. ಬೆಂಗಳೂರಿನ ಕರೆಂಟು ಹೇಳಿ ಹೋಗುವುದಿಲ್ಲ, ಡಿಸ್ಕು ಬರೆಯುತ್ತಿರುವಾಗ ಹೋದರೆ ಕಡತಗಳ ಗತಿ ಕೇಳುವುದೇ ಬೇಡ. ಎಲ್ಲದರ ನಕಲು ಒಂದು ಯುಎಸ್‌ಬಿ ಡಿಸ್ಕಿನಲ್ಲಿ ಮನೆಯಲ್ಲಿದೆ, ಇನ್ನೊಂದು ಧಾರವಾಡದಲ್ಲಿ ಅಣ್ಣನ ಟ್ರಂಕಿನಲ್ಲಿ.

ನನ್ನಾಕೆ ಮೊದಲ ವಾರ ಡಬ್ಬಿಯ ಕಡೆ ನೋಡಲಿಲ್ಲ. ಆಮೇಲೆ, "ಮುಂಜಾನೆ ಕೇಳುವಂಥಾದ್ದು ಬ್ಯಾರೆ ಹಚ್ಚಿ ಕೊಡಲಿಕ್ಕೆ ಬರ್ತದೇನು?" ಅಂದಳು. ರಾಗ ಹಾಡುವ ಹೊತ್ತನ್ನು ಹೇಳುವ ಪ್ರಹರ ಅನ್ನುವ ಇನ್ನೊಂದು ಕಲಮು ಶುರುವಾಯಿತು. ಈಗ ಬೆಳಿಗ್ಗೆ ಹಾಲು ಕಾಯುವ ಹೊತ್ತಿಗೆ ಅವಳೇ ಫೋನು ತೆಗೆದು ಮೊದಲ ಪ್ರಹರ ಒತ್ತುತ್ತಾಳೆ. ಸಂಜೆಯ ಪಟ್ಟಿಯಲ್ಲಿ ಮಾರ್ವಾ ಬೇಡವಂತೆ, ಮನಸ್ಸು ಭಾರ ಆಗುತ್ತದಂತೆ. ತೆಗೆದಿಲ್ಲ, ವಾದ ನಡೆದಿದೆ.

ಉಳಿದಿರುವ ತೊಂದರೆ ರೇಡಿಯೊ ಕ್ಯಾಸೆಟ್ಟುಗಳದ್ದು. ರೆಕಾರ್ಡ್ ಗುಂಡಿ ಒತ್ತುವಷ್ಟರಲ್ಲಿ ನಿರೂಪಕರು ರಾಗದ ಹೆಸರು ಹೇಳಿ ಮುಗಿಸಿರುತ್ತಿದ್ದರು. ಒಂದಿಷ್ಟನ್ನು ಬಲ್ಲವರಿಗೆ ಕೇಳಿಸಿ ಗುರುತು ಹಚ್ಚಿದೆ. ಉಳಿದವುಗಳಿಗೆ ರಾಗದ ಕಲಮಿನಲ್ಲಿ "ಗೊತ್ತಿಲ್ಲ" ಅಂತ ಬರೆದಿದ್ದೇನೆ. ಅಕಾರಾದಿಯಲ್ಲಿ ಅದು ಗುರ್ಜರಿ ತೋಡಿಗೂ ಗೋರಖ ಕಲ್ಯಾಣಕ್ಕೂ ನಡುವೆ ಹೋಗಿ ಠೀಕಾಗಿ ಕೂತಿದೆ. ಮೊನ್ನೆ ಅಳಿಯ ಅದನ್ನೇ ಒತ್ತಿ, ಅರ್ಧ ಗಂಟೆ ಕಣ್ಣು ಮುಚ್ಚಿ ಕೇಳಿ, "ಛಲೋ ಅದ ಮಾಮಾ. ಗೊತ್ತಿಲ್ಲ ಅನ್ನೋದು ಯಾವ ಥಾಟಿನ ರಾಗ?" ಅಂದ.